ಕಚೇರಿಯ ಕ್ಯಾಲೆಂಡರಿನಲ್ಲಿ ಮನೆಯ ಗುಟ್ಟು

ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದು, ಉದ್ಯೋಗದಲ್ಲಿರುವ ಅನೇಕ ಸೋದರಿಯರಿಗೆ ಪ್ರಯೋಜನವಾಗತಕ್ಕದ್ದಾದುದರಿಂದ, ಅದಕ್ಕೆ ಇಲ್ಲಿಯೇ ವಿವರವಾಗಿ ಉತ್ತರವನ್ನು ಬರೆಯುತ್ತೇವೆ. ಬರೆದವರ ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸುವುದಿಲ್ಲ.

ಆಕೆಯು ಕೆಲವು ವಾರಗಳಿಂದ ಪ್ರತಿ ಮಂಗಳವಾರ ವೈದ್ಯರನ್ನು ಕಾಣಬೇಕಾಗಿತ್ತು. ಆ ಹೊತ್ತಿಗೆ ಯಾರೂ ಸಭೆಯನ್ನು ಗೊತ್ತುಮಾಡದಿರಲೆಂದು, ಕಚೇರಿಯ ಔಟ್‌ಲುಕ್ ಕ್ಯಾಲೆಂಡರಿನಲ್ಲಿ ವೈದ್ಯರ ಹೆಸರನ್ನೂ ಆಸ್ಪತ್ರೆಯನ್ನೂ ಬರೆದು, ಅದಕ್ಕೆ 'ಪ್ರೈವೇಟ್' ಎಂಬ ಗುರುತನ್ನೂ ಹಾಕಿದ್ದರು. ಹೀಗಿದ್ದರೂ ಒಂದು ದಿನ ಊಟದ ವೇಳೆಯಲ್ಲಿ ಸಹೋದ್ಯೋಗಿಯೊಬ್ಬರು, "ಡಾಕ್ಟರು ಏನಂದರು ಮೇಡಂ?" ಎಂದು ಕೇಳಿಬಿಟ್ಟರಂತೆ. "ಅತ್ತೆಯವರಿಗೂ ಹೇಳದ ಸಂಗತಿ ಇವರಿಗೆ ಹೇಗೆ ತಿಳಿಯಿತು? ಅಂದಿನಿಂದ ಕಚೇರಿಯಲ್ಲಿ ಕುಳಿತರೆ ಅನ್ನ ಗಂಟಲಿನಲ್ಲಿ ಇಳಿಯುವುದಿಲ್ಲ" ಎಂದು ಬರೆದಿರುವರು.

ಸೋದರಿ, ಅವರು ಯಾವ ಬಾಗಿಲಿನಿಂದ ಒಳಗೆ ಬಂದರೆಂಬುದನ್ನು ಮೊದಲು ನೋಡೋಣ. ನಿಮ್ಮ ಕಚೇರಿಯ ಅಂಚೆಯನ್ನು ನಡೆಸುವ ಎಕ್ಸ್‌ಚೇಂಜ್ ಎಂಬ ಸರ್ವರು 1996ನೆಯ ಇಸವಿಯಿಂದ ಬಳಕೆಯಲ್ಲಿರುವುದು. ಅದರಲ್ಲಿ ಕ್ಯಾಲೆಂಡರಿನ ಅನುಮತಿಯೇ ಬೇರೆ, ಇಡೀ ಮೇಲ್‌ಬಾಕ್ಸಿನ ಅನುಮತಿಯೇ ಬೇರೆ. ಗೊಂದಲವೆಲ್ಲ ಇಲ್ಲಿಯೇ.

ಕ್ಯಾಲೆಂಡರಿನ ಅನುಮತಿಯನ್ನು ನೀವೇ ನೋಡಬಹುದು. ಕಂಪ್ಯೂಟರಿನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಕ್ಯಾಲೆಂಡರಿನ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, 'ಪ್ರಾಪರ್ಟೀಸ್' ಎಂಬುದರೊಳಗೆ 'ಪರ್ಮಿಷನ್ಸ್' ಎಂಬ ಪುಟವನ್ನು ತೆರೆಯಿರಿ. ಅಲ್ಲಿ 'ಡಿಫಾಲ್ಟ್' ಎಂದಿರುವ ಸಾಲು ಸಂಸ್ಥೆಯ ಎಲ್ಲರಿಗೂ ಸಂಬಂಧಿಸಿದ್ದು; ಯಾರೂ ಮುಟ್ಟದಿದ್ದರೆ ಅದು ನಿಮಗೆ ಬಿಡುವಿದೆಯೋ ಇಲ್ಲವೋ ಎಂಬುದನ್ನಷ್ಟೇ ತೋರಿಸುವುದು. ಅದನ್ನು 'ರಿವ್ಯೂವರ್' ಎಂದು ಏರಿಸಿದ್ದರೆ ಬರೆದುದನ್ನು ಕಚೇರಿಯವರೆಲ್ಲ ಓದಬಲ್ಲರು. ಒಬ್ಬರ ಹೆಸರಿಗೇ ಬೇರೆ ಸಾಲಿದ್ದರೆ ಅವರಿಗೆ ಡಿಫಾಲ್ಟ್ ಅನ್ವಯಿಸದು, ಅವರ ಸಾಲೇ ಅನ್ವಯಿಸುವುದು.

ಇನ್ನು 'ಪ್ರೈವೇಟ್' ಗುರುತು. ಓದುವ ಅನುಮತಿ ಪಡೆದವರಿಂದ ವಿವರವನ್ನು ಮರೆಮಾಡಲು ಇದೊಂದನ್ನೇ ನಂಬಬಾರದೆಂದು ತಯಾರಕರಾದ ಮೈಕ್ರೋಸಾಫ್ಟಿನವರೇ ಎಚ್ಚರಿಸಿರುವರು. ಬೇರೊಂದು ತಂತ್ರಾಂಶದಿಂದ ತೆರೆದರೆ ಅದು ಕಾಣಿಸಬಹುದು. ಅದು ಬೀಗವಲ್ಲ, ಪರದೆ.

ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ಅಷ್ಟೇನೂ ಮುಖ್ಯವಲ್ಲವೆಂಬಂತೆ ಬರೆದಿರುವ ಒಂದು ಮಾತು ನಮ್ಮ ಗಮನವನ್ನು ಸೆಳೆಯಿತು. ಎರಡು ವರ್ಷಗಳ ಹಿಂದೆ ತಂದೆಯವರ ಕಾಯಿಲೆಗಾಗಿ ನೀವು ರಜೆಯಲ್ಲಿದ್ದಾಗ ಇದೇ ಸಹೋದ್ಯೋಗಿಯು ನಿಮ್ಮ ಕೆಲಸವನ್ನು ನೋಡಿಕೊಂಡರೆಂದು ಹೇಳಿದ್ದೀರಿ. ಆಗ ಐಟಿ ವಿಭಾಗದವರು ಅವರಿಗೆ ನಿಮ್ಮ ಮೇಲ್‌ಬಾಕ್ಸಿನ 'ಫುಲ್ ಆಕ್ಸೆಸ್' ಕೊಟ್ಟಿರಬೇಕು. ನೀವು ಮರಳಿದ ಮೇಲೆ ಹಿಂದಕ್ಕೆ ಪಡೆಯುವುದನ್ನು ಮರೆತಿರಬೇಕು. ಮದುವೆಯ ಮನೆಯಲ್ಲಿ ಉಗ್ರಾಣದ ಬೀಗದ ಕೈಯನ್ನು ಯಾರಿಗೋ ಕೊಟ್ಟು, ಚಪ್ಪರ ಬಿಚ್ಚಿದ ಮೇಲೂ ಕೇಳದೆ ಉಳಿಯುವುದಿಲ್ಲವೆ? ಹಾಗೆಯೇ. ಫುಲ್ ಆಕ್ಸೆಸ್ ಇರುವವರಿಗೆ ಟಪಾಲು, ಕ್ಯಾಲೆಂಡರು ಎಲ್ಲವೂ ತೆರೆಯುವುವು. ಪ್ರೈವೇಟ್ ಗುರುತು ಅವರನ್ನು ತಡೆಯದು. ಮೇಲಾಗಿ, ಇದು ನೀವು ನೋಡುವ ಪರ್ಮಿಷನ್ಸ್ ಪುಟದಲ್ಲಿ ಕಾಣಿಸುವುದೇ ಇಲ್ಲ! ಆದುದರಿಂದಲೇ ನೀವು ನಾಲ್ಕು ಸಲ ಹುಡುಕಿದರೂ ಏನೂ ಸಿಕ್ಕದಿದ್ದುದು.

ಐಟಿ ವಿಭಾಗಕ್ಕೆ ಬರೆಹದಲ್ಲಿಯೇ ಕೇಳಿರಿ: ನನ್ನ ಮೇಲ್‌ಬಾಕ್ಸಿನ ಮೇಲೆ ಫುಲ್ ಆಕ್ಸೆಸ್ ಯಾರಿಗಿದೆ, ನನ್ನ ಹೆಸರಿನಲ್ಲಿಯೇ ಪತ್ರ ಕಳುಹಿಸುವ 'ಸೆಂಡ್ ಆಸ್' ಯಾರಿಗಿದೆ, ನನ್ನ ಪರವಾಗಿ ಕಳುಹಿಸುವ 'ಸೆಂಡ್ ಆನ್ ಬಿಹಾಫ್' ಯಾರಿಗಿದೆ? ಮೂರನ್ನೂ ಬೇರೆಬೇರೆಯಾಗಿ ಕೇಳಬೇಕು; ಒಂದನ್ನು ತೆಗೆದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ. ಕಾರಣವನ್ನು ಹೇಳುವ ಅಗತ್ಯವೇನೂ ಇಲ್ಲ. ಪಟ್ಟಿ ಬರುವವರೆಗೆ ಕ್ಯಾಲೆಂಡರಿನಲ್ಲಿ 'ಬಿಡುವಿಲ್ಲ' ಎಂದಷ್ಟೇ ಇರಲಿ. ಆಸ್ಪತ್ರೆಯ ಹೆಸರನ್ನು ಈಗಲೇ ಅಳಿಸಿರಿ. ಕಚೇರಿಯ ಸರ್ವರು ಕಚೇರಿಯದೇ ಆದುದರಿಂದ, ಪಟ್ಟಿ ಬಂದ ಮೇಲೂ ಹಾಗೆಯೇ ಬರೆಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇದಕ್ಕೆ ತಿರುಗುಮುರುಗಾದ ದೂರನ್ನು ಮಹನೀಯರೊಬ್ಬರು ಬರೆದಿರುವರು: ಕಚೇರಿಯ ಜಂಟಿ ಮೇಲ್‌ಬಾಕ್ಸನ್ನು ಓದಬಲ್ಲರಂತೆ, ಅದರ ಹೆಸರಿನಲ್ಲಿ ಉತ್ತರಿಸಲಾರರಂತೆ. ಅವರಿಗೆ ಫುಲ್ ಆಕ್ಸೆಸ್ ಮಾತ್ರ ದೊರೆತಿದೆ, ಸೆಂಡ್ ಆಸ್ ದೊರೆತಿಲ್ಲ. ಕೊಟ್ಟ ಮೇಲೂ ಜಾರಿಗೆ ಬರಲು ಕೊಂಚ ಹೊತ್ತು ಹಿಡಿಯುವುದು. ಔಟ್‌ಲುಕ್ಕನ್ನು ಮುಚ್ಚಿ ತೆರೆಯಲಿ. ಬ್ರೌಸರಿನಲ್ಲಿ ಕೆಲಸ ನಡೆದು ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ ನಡೆಯದಿದ್ದರೆ ದೋಷ ಅನುಮತಿಯದಲ್ಲ, ಆ ಕಂಪ್ಯೂಟರಿನದು.

ಸೋದರಿ, ಆ ಸಹೋದ್ಯೋಗಿಯೊಡನೆ ಜಗಳವಾಡಬೇಕೆ ಎಂದೂ ಕೇಳಿದ್ದೀರಿ. ಬೇಡ. ಫುಲ್ ಆಕ್ಸೆಸ್ ಕೊಟ್ಟೊಡನೆ ನಿಮ್ಮ ಮೇಲ್‌ಬಾಕ್ಸು ಸಾಮಾನ್ಯವಾಗಿ ಅವರ ಔಟ್‌ಲುಕ್‌ನಲ್ಲಿ ತಾನಾಗಿಯೇ ಬಂದು ನಿಲ್ಲುವುದು. ಅವರು ಹುಡುಕಿಕೊಂಡು ಹೋಗಿರಲಾರರು. ಕದ್ದು ಓದಿದವರಾಗಿದ್ದರೆ ಎಲ್ಲರೆದುರು ಊಟದ ಮೇಜಿನಲ್ಲಿ ಕುಶಲ ಕೇಳುತ್ತಿದ್ದರೆ?