ಜಪಾನಿನ ಸ್ವಚ್ಛತೆ ಹೊಗಳೋ ಮೊದಲು ಇಷ್ಟು ಓದಿ

ಜಪಾನಿಂದ ವಾಪಸ್ ಬಂದು ನಾಲ್ಕು ದಿನ ಆಯ್ತು. ಸಿಕ್ಕವರೆಲ್ಲ ಕೇಳ್ತಿರೋದು ಒಂದೇ: "ಏನಣ್ಣ, ಅಷ್ಟೊಂದು ಕ್ಲೀನಂತೆ, ಹೌದಾ?"

ಹೌದು, ಕ್ಲೀನೇ. ಆದರೆ ಮಾತು ಅಲ್ಲಿಗೇ ನಿಲ್ಲಬಾರದು. ಹತ್ತು ದಿನಕ್ಕೆ ಒಂದು ದೇಶ ಅರ್ಥ ಆಗೋದಿಲ್ಲ, ನಿಜ. ಆದರೆ ಎಲ್ಲಿ ಹೋದರೂ "ಇಲ್ಲಿ ಕಸ ಎತ್ತೋರು ಯಾರು?" ಅಂತ ಹುಡುಕೋ ಕಣ್ಣು ನಮ್ಮ ಕೇರಿಗಳು ನಮಗೆ ಕೊಟ್ಟಿವೆ. ಆ ಕಣ್ಣಿಗೆ ಕಂಡದ್ದನ್ನ ಬರೀತೀನಿ.

ಟೋಕಿಯೊ ಬೀದಿಗಳಲ್ಲಿ ಕಸದ ಡಬ್ಬಿ ಕಾಣಸಿಗೋದೇ ಕಮ್ಮಿ. 1995ರಲ್ಲಿ ಸಬ್‌ವೇ ಒಳಗೆ ವಿಷಾನಿಲದ ದಾಳಿ ಆದಮೇಲೆ ಬಹಳಷ್ಟು ಡಬ್ಬಿ ತೆಗೆದುಹಾಕಿದ್ದಾರೆ. ಜನ ಕುಡಿದ ಬಾಟ್ಲಿಯನ್ನ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತಾರೆ. ಮನೆಯಲ್ಲಿ ಸುಡೋ ಕಸ ಬೇರೆ, ಸುಡದ ಕಸ ಬೇರೆ, ಬಾಟ್ಲಿ ಬೇರೆ. ಒಂದೊಂದಕ್ಕೂ ಒಂದೊಂದು ದಿನ. ತನ್ನ ಕಸಕ್ಕೆ ತಾನೇ ಜವಾಬ್ದಾರಿ.

ಶಾಲೆಗಳಲ್ಲಿ ಇನ್ನೂ ದೊಡ್ಡ ಪಾಠ ಇದೆ. ಮಕ್ಕಳು ತಮ್ಮ ತರಗತಿ, ಕಾರಿಡಾರು ತಾವೇ ಗುಡಿಸಿ ಒರೆಸ್ತಾರೆ. ಮಧ್ಯಾಹ್ನದ ಊಟ ಬಡಿಸೋದೂ ಅವರೇ, ಬಿಳಿ ಟೋಪಿ ಹಾಕ್ಕೊಂಡು, ಸರದಿ ಪ್ರಕಾರ. ಅಧಿಕಾರಿ ಮಗನಿಗೂ ಪೊರಕೆ, ಡ್ರೈವರ್ ಮಗಳಿಗೂ ಪೊರಕೆ.

ನಮ್ಮಲ್ಲಿ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನ ಶೌಚಗುಂಡಿಗೆ ಇಳಿಸಿದ್ದು ನೆನಪಿದೆ ತಾನೆ? ದಲಿತ ಹೆಣ್ಣುಮಗಳು ಅಡುಗೆ ಮಾಡಿದ್ರು ಅಂತ ಬಿಸಿಯೂಟ ಬಿಡಿಸಿ, ಮಕ್ಕಳ ಟಿ.ಸಿ. ತಗೊಂಡು ಹೋದ ಊರುಗಳು ಎಷ್ಟಿಲ್ಲ? ಮಗು ಪೊರಕೆ ಹಿಡಿಯೋದು ಅವಮಾನ ಅಲ್ಲ ಕಣ್ರೀ. ಯಾವ ಮಗು ಹಿಡೀಬೇಕು ಅಂತ ಜಾತಿ ನೋಡಿ ಆರಿಸ್ತೀರಲ್ಲ, ಅದು ಅಪರಾಧ.

ಇಷ್ಟಕ್ಕೇ ನಿಲ್ಲಿಸಿದ್ರೆ ಜಪಾನು ಸ್ವರ್ಗ ಅನ್ಸುತ್ತೆ. ಅದೂ ಸುಳ್ಳು.

ಟೋಕಿಯೊದ ಶಿನಗಾವ ಸ್ಟೇಷನ್ನಿನ ಪಕ್ಕದಲ್ಲೇ, ಗಾಜಿನ ಗೋಪುರಗಳ ನಡುವೆ, ನಗರದ ದೊಡ್ಡ ಕಸಾಯಿಖಾನೆ ಇದೆ. ಅಲ್ಲಿ ದುಡಿಯೋರನ್ನ ಹೀನಾಯವಾಗಿ ಬೈದು ಬಂದ ಅನಾಮಧೇಯ ಪತ್ರಗಳನ್ನ ಅಲ್ಲೇ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಯಾಕೆ ಬೈಗುಳ? ಸತ್ತ ದನ ಎತ್ತೋದು, ಚರ್ಮ ಹದ ಮಾಡೋದು, ಮಾಂಸ ಕಡಿಯೋದು ಅಲ್ಲೂ 'ಕೆಗರೆ', ಅಂದ್ರೆ ನಮ್ಮ ಭಾಷೇಲಿ ಮೈಲಿಗೆ. ಆ ಕೆಲಸಗಳಿಗೆ ಕಟ್ಟಿಹಾಕಿದ ಜನರನ್ನ ಊರಾಚೆ ಇಟ್ಟಿದ್ರು. ಅವರ ವಂಶದವರನ್ನ ಇವತ್ತು ಬುರಾಕುಮಿನ್ ಅಂತಾರೆ. ಅದೇ ಮುಖ, ಅದೇ ಭಾಷೆ, ಅದೇ ಧರ್ಮ. ಆದ್ರೂ ಬೇರೆ. ಕೇಳಿದ ಹಾಗಿದೆಯಾ?

1871ರಲ್ಲೇ ಸರ್ಕಾರ ಈ ಭೇದ ರದ್ದು ಮಾಡ್ತು. ಕಾಗದದ ಮೇಲೆ. ಮರುವರ್ಷ ತಯಾರಾದ ಕುಟುಂಬ ದಾಖಲೆಗಳಲ್ಲಿ ಎಷ್ಟೋ ಕಡೆ ಹಳೇ ಗುರುತು ಹಾಗೇ ಉಳೀತು. 1975ರಲ್ಲಿ ಇನ್ನೊಂದು ಬಯಲಾಯ್ತು: ಬುರಾಕು ಕೇರಿಗಳ ಹೆಸರುಪಟ್ಟಿಯನ್ನ ಪುಸ್ತಕ ಮಾಡಿ ಕಂಪನಿಗಳಿಗೆ ಗುಟ್ಟಾಗಿ ಮಾರ್ತಿದ್ರು, ಕೆಲಸಕ್ಕೆ ಅರ್ಜಿ ಹಾಕಿದವರ ಮೂಲ ಪತ್ತೆ ಹಚ್ಚೋಕೆ. ಮದುವೆಗೆ ಮುಂಚೆ ಡಿಟೆಕ್ಟಿವ್ ಬಿಟ್ಟು ವಂಶ ಕೆದಕಿದ್ದೂ ಉಂಟು. 2016ರಲ್ಲಿ ಈ ತಾರತಮ್ಯ ತೊಲಗಿಸೋಕೆ ಅಂತಲೇ ಕಾನೂನು ಬಂತು, ಆದರೆ ಅದರಲ್ಲಿ ಶಿಕ್ಷೆಯೇ ಇಲ್ಲ. ನಮ್ಮ 1989ರ ದೌರ್ಜನ್ಯ ತಡೆ ಕಾಯ್ದೆಯನ್ನ ದುರ್ಬಲ ಮಾಡಿ ಅನ್ನೋರು ಇದನ್ನ ಗಮನಿಸಬೇಕು.

ಹೋರಾಟವೂ ಅಲ್ಲಿಂದಲೇ ಎದ್ದಿದೆ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಬುರಾಕು ಜನ 'ಸುಯ್‌ಹೇಯ್‌ಶ' ಕಟ್ಟಿದರು. ಕಪ್ಪು ಬಾವುಟದ ಮೇಲೆ ಕೆಂಪು ಮುಳ್ಳಿನ ಕಿರೀಟ. ಯಾರ ಕನಿಕರವೂ ಬೇಡ, ನಮ್ಮ ಬಿಡುಗಡೆ ನಮ್ಮ ಕೈಯಲ್ಲೇ ಅನ್ನೋದು ಅವರ ಘೋಷಣೆಯ ಸಾರ. ಐದು ವರ್ಷದ ನಂತರ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡಿನ ಕೆರೆ ನೀರು ಮುಟ್ಟಿದರು. ದೇಶ ಎರಡು, ಕೆಚ್ಚು ಒಂದೇ.

ಈಗ ವಿದೇಶ ಸುತ್ತಿ ಬಂದು "ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲಾರೀ" ಅನ್ನೋ ಮಹನೀಯರಿಗೆ ಒಂದು ಮಾತು. ಸ್ವಾಮಿ, ನಿಮ್ಮ ಮನೆ ಕಸ ಬೇರೆ ಮಾಡಿಕೊಡಿ ಅಂದ್ರೆ ಪೌರಕಾರ್ಮಿಕ ಅಕ್ಕಂದಿರ ಮೇಲೆ ರೇಗ್ತೀರಿ. ಅವರು ಕುಡಿಯೋಕೆ ನೀರು ಕೇಳಿದ್ರೆ ಬೇರೆ ಲೋಟ ಹುಡುಕ್ತೀರಿ. ಗಲೀಜು ಮಾಡೋದು ನನ್ನ ಹಕ್ಕು, ಬಾಚೋದು ಅವರ ಹಣೆಬರಹ ಅನ್ನೋದಕ್ಕೆ ಹೆಸರು ಸಿವಿಕ್ ಸೆನ್ಸ್ ಕೊರತೆ ಅಲ್ಲ. ಅದಕ್ಕೆ ಹೆಸರು ಜಾತಿ.

ಬಸವಲಿಂಗಪ್ಪನವರು ಮಂತ್ರಿಯಾಗಿ ಎಪ್ಪತ್ತರ ದಶಕದಲ್ಲೇ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ ರಾಜ್ಯ ಇದು. 2013ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನ 30 ಲಕ್ಷ ಮಾಡ್ತು. ಪರಿಹಾರದ ಮೊತ್ತ ಏರ್ತಿದೆ, ಮ್ಯಾನ್‌ಹೋಲಿಗೆ ಇಳಿಯೋದು ನಿಂತಿಲ್ಲ.

ಜಪಾನಿಂದ ಏನಾದ್ರೂ ತರೋದಾದ್ರೆ ಎರಡು ತರೋಣ. ಎಲ್ಲ ಜಾತಿಯ ಮಕ್ಕಳ ಕೈಗೂ, ಹೆಡ್‌ಮಾಸ್ಟರ ಕೈಗೂ ಸರದಿ ಪೊರಕೆ. ಮತ್ತೆ, ಆ ಮುಳ್ಳಿನ ಬಾವುಟದ ಸ್ವಾಭಿಮಾನ. ನಿಮ್ಮೂರ ಶಾಲೇಲಿ ಶೌಚಾಲಯ ತೊಳೀತಿರೋರು ಯಾರು? ಈ ವಾರವೇ ಹೋಗಿ ನೋಡಿ, ಕಾಮೆಂಟಲ್ಲಿ ಬರೀರಿ. ಪಟ್ಟಿ ಮಾಡಿ ಇಲಾಖೆ ಮುಂದೆ ಇಡೋಣ.

ಜೈಭೀಮ್.