ಗೀಟು ಹಾಕಿದ ಬೆಲೆ

ಮಕ್ಕಳೇ, ಇದು 2023ರ ಆಟಿ ತಿಂಗಳ ಮಾತು. ದರ್ಬೆಯಲ್ಲಿ ಬಿಡದೆ ಮಳೆ. ಜಗಲಿಯಲ್ಲಿ ಕೂತು ಹಳೆ ಅಡಿಕೆ ಆರಿಸುತ್ತಿದ್ದ ನನ್ನ ಹತ್ತಿರ ಮೊಮ್ಮಗ ಹುಂಡಿ ಹಿಡಿದುಕೊಂಡು ಓಡಿ ಬಂದ.

“ಅಜ್ಜ, ಪ್ಲೇಸ್ಟೇಷನ್ 5ಕ್ಕೆ 7,500 ರೂಪಾಯಿ ಇಳಿದಿದೆ! ಕೆಲವೇ ದಿನ. ನನ್ನ ಹುಂಡಿಯದ್ದು ಹಾಕ್ತೇನೆ, ಉಳಿದದ್ದು ನೀವು ಕೊಡಿ.”

ಜಾಹೀರಾತು ನೋಡಿದೆ. 54,990ಕ್ಕೆ ಗೀಟು, ಕೆಳಗೆ 47,490. ಹಿಂದೊಮ್ಮೆ ಇಂಥದೇ ಗೀಟು ನಂಬಿ ಬೇಡದ ಮಿಕ್ಸಿ ತಂದು ಅಜ್ಜಿಯಿಂದ ಬೈಸಿಕೊಂಡವನು ನಾನು. “ಕಾಗದ ಪೆನ್ನು ತಾ” ಎಂದೆ.

ಇಬ್ಬರೂ ಹುಡುಕಿ ಬರೆದೆವು. ಆ ಯಂತ್ರ ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, ಬೆಲೆ 49,990. 2022ರ ನವೆಂಬರಿನಲ್ಲಿ 5,000 ಏರಿತು. ಮೊದಲ ಬೆಲೆಯಿಂದ ಲೆಕ್ಕ ಹಾಕಿದರೆ ಇಳಿದದ್ದು 2,500 ಮಾತ್ರ! 7,500 ಎಂಬುದು ಸುಳ್ಳಲ್ಲ. ಎಲ್ಲಿಂದ ಅಳೆಯುತ್ತೀರಿ ಎಂಬುದೇ ಪ್ರಶ್ನೆ.

ಇನ್ನೊಂದು ವ್ಯತ್ಯಾಸವೂ ಇದೆ. ಪೆಟ್ಟಿಗೆಯ ಮೇಲೆ ಅಚ್ಚಾಗುವ ಎಂ.ಆರ್.ಪಿ. ಅಂದರೆ ತೆರಿಗೆಯೂ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಕಡಿಮೆಗೆ ಮಾರಬಹುದು. ಕಂಪನಿ ಅದನ್ನೇ ತಗ್ಗಿಸಿದರೆ ಬೆಲೆ ಇಳಿಕೆ. ನಾಲ್ಕು ದಿನ ಮಾತ್ರ ಕಡಿಮೆಗೆ ಕೊಟ್ಟರೆ ರಿಯಾಯಿತಿ. ಅದೇ ಬೆಲೆಗೆ ಒಂದು ಆಟ ಸೇರಿಸಿ ಕೊಟ್ಟರೆ ಕೊಡುಗೆ. ಕೆಲವೊಮ್ಮೆ ಸರಕಾರವೇ ತೆರಿಗೆ ಇಳಿಸುತ್ತದೆ. ವಿಡಿಯೋ ಗೇಮ್ ಯಂತ್ರಗಳ ಜಿ.ಎಸ್.ಟಿ. 2019ರ ಜನವರಿಯಲ್ಲಿ ಶೇ. 28ರಿಂದ 18ಕ್ಕೆ ಇಳಿದಿತ್ತು.

“ಹಾಗಾದರೆ ನಿಜವಾಗಿ ಬೆಲೆ ಇಳಿದರೆ, ಮೊದಲೇ ಕೊಂಡವರಿಗೆ ಮೋಸ ಅಲ್ವಾ?” ಎಂದ ಮೊಮ್ಮಗ.

ಒಳ್ಳೆಯ ಪ್ರಶ್ನೆ. ಜಪಾನಿನ ನಿಂಟೆಂಡೊ ಕಂಪನಿ 2011ರ ಫೆಬ್ರವರಿಯಲ್ಲಿ ‘3ಡಿಎಸ್’ ಎಂಬ ಕೈಯಾಟದ ಯಂತ್ರವನ್ನು 25,000 ಯೆನ್‌ಗೆ ಮಾರಿತು. ಆಗಸ್ಟಿನಲ್ಲೇ ಬೆಲೆ 15,000ಕ್ಕೆ ಇಳಿಯಿತು. ಮೊದಲು ಕೊಂಡವರಿಗೆ 20 ಹಳೆಯ ಆಟಗಳು ಉಚಿತವಾಗಿ ಸಿಕ್ಕಿದವು. ಕಂಪನಿಯ ಮುಖ್ಯಸ್ಥ ಸತೋರು ಇವಾಟ ತಮ್ಮ ಸಂಬಳವನ್ನೂ ಅರ್ಧಕ್ಕೆ ಇಳಿಸಿಕೊಂಡರು.

“ಅದು ನ್ಯಾಯ” ಎಂದ ಮೊಮ್ಮಗ. ಒಳಗಿನಿಂದ ಅಜ್ಜಿಯ ಸ್ವರ: “ಮೊದಲು ಕೊಂಡವರು ಅಷ್ಟು ತಿಂಗಳು ಆಡಿದರಲ್ಲ, ಅದಕ್ಕೆ ಬೆಲೆ ಇಲ್ವಾ? ನಿನ್ನ ಅಜ್ಜ ಅಡಿಕೆ ಕೊಟ್ಟ ಮರುದಿನ ಧಾರಣೆ ಏರಿದರೆ ಯಾರ ಹತ್ತಿರ ಜಗಳ ಮಾಡುವುದು?” ನಾನು ಮಾತಾಡಲಿಲ್ಲ. ಇಬ್ಬರ ಮಾತೂ ಸರಿಯೆನಿಸಿತು.

ಹುಂಡಿ ಒಡೆದು ಎಣಿಸಿದೆವು: 3,215 ರೂಪಾಯಿ. ಅವನು ಅದನ್ನೂ 47,490ನ್ನೂ ಅಕ್ಕಪಕ್ಕ ಬರೆದು ತುಂಬ ಹೊತ್ತು ನೋಡಿದ. ಗೀಟು ಹಾಕಿದ ಬೆಲೆಯನ್ನು ಬರೆಯಲೇ ಇಲ್ಲ.

“ಈ ಸಲ ಬೇಡ ಅಜ್ಜ” ಎಂದು ಹೊಸ ಹುಂಡಿಗೆ ಡಬ್ಬಿ ಹುಡುಕಲು ಹೋದ. ಅವನ ಮುಖ ಚಿಕ್ಕದಾಗಿತ್ತು, ನನಗೂ ಬೇಸರವಾಯಿತು. ಮರುದಿನ ಕೇಳದೆಯೇ ಆ ಡಬ್ಬಿಗೆ ನೂರು ರೂಪಾಯಿ ಹಾಕಿದೆ.

ಇಂದು ಮನೆಯಲ್ಲಿ ಒಂದು ರಿಯಾಯಿತಿ ಜಾಹೀರಾತು ಹುಡುಕಿ, ಮಕ್ಕಳೇ. ಗೀಟು ಹಾಕಿದ ಬೆಲೆ ಯಾವ ದಿನದ್ದು ಎಂದು ಅಜ್ಜ-ಅಜ್ಜಿಯರ ಜೊತೆ ಕೂತು ಲೆಕ್ಕ ಹಾಕಿ.