ಮಗುವನ್ನು ಬೈಯುವ ಮೊದಲು ಟಿವಿ ನೋಡಿ

ಪೋಷಕರೇ, ಮಗು ಕನ್ನಡವನ್ನು ತಪ್ಪಾಗಿ ಓದಿದರೆ, ಅದು ಯಾವುದರಲ್ಲಿ ಓದುತ್ತಿದೆ ಎಂದು ಮೊದಲು ನೋಡಿ.

ತಾಳವಾಡಿ ಕಡೆಯ ಒಂದು ಮನೆಯಲ್ಲಿ ಮೂರನೇ ತರಗತಿಯ ಹುಡುಗ ಲ್ಯಾಪ್‌ಟಾಪ್ ಜೋಡಿಸಿದ ಟಿವಿಯಲ್ಲಿ ಪಾಠ ಓದುತ್ತಿದ್ದ. 'ಕತ್ತೆ'ಯನ್ನು 'ಕತೆ' ಎಂದ, 'ಧನ'ವನ್ನು 'ದನ' ಎಂದ. "ಇವನಿಗೆ ಕನ್ನಡ ಹತ್ತೋದಿಲ್ಲ ಮೇಷ್ಟ್ರೇ, ಬರೋ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕ್ಬಿಡ್ತೀನಿ" ಎಂದರು ತಂದೆ. ಅದೇ ಪಾಠವನ್ನು ಪುಸ್ತಕದಲ್ಲಿ ತೆರೆದುಕೊಟ್ಟೆ. ಹುಡುಗ ತಡವರಿಸದೆ ಓದಿದ.

ಅಕ್ಷರ ದೊಡ್ಡದಾಗಲೆಂದು ತಂದೆ ರೆಸಲ್ಯೂಶನ್ನನ್ನು 800×600ಕ್ಕೆ ಇಳಿಸಿದ್ದರು. ಫುಲ್ ಎಚ್‌ಡಿ ಟಿವಿಯ ಪರದೆಯಲ್ಲಿ 1920×1080, ಅಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ನಾವು 4.8 ಲಕ್ಷ ಚುಕ್ಕೆಯ ಚಿತ್ರ ಕಳಿಸಿದರೆ ಟಿವಿ ಅದನ್ನು ಹಿಗ್ಗಿಸುತ್ತದೆ, ಅಂಚುಗಳು ಕಲಸಿಹೋಗುತ್ತವೆ.

ನಾನು ಕನ್ನಡ, ತಮಿಳು ಎರಡರಲ್ಲೂ ಕಲಿತವನು. ತಮಿಳಿನಲ್ಲಿ ಒತ್ತಕ್ಷರವಿಲ್ಲ, ಅಕ್ಷರದ ಮೇಲೊಂದು ಚುಕ್ಕೆ ಇಟ್ಟರೆ ಆಯಿತು. ಮಹಾಪ್ರಾಣವೂ ಇಲ್ಲ. ಹಾಗಾಗಿ ಮಸುಕಾದ ಪರದೆಯಲ್ಲೂ ತಮಿಳು ಹೇಗೋ ಓದಿಸಿಕೊಳ್ಳುತ್ತದೆ. ನಮ್ಮ ಒತ್ತು ಕೆಳಗೆ ಸಣ್ಣದಾಗಿ ಕೂರುತ್ತದೆ. ದ, ಧಗಳ ವ್ಯತ್ಯಾಸವೇ ಒಂದು ಪುಟ್ಟ ಸೀಳು. ಮೊದಲು ಅಳಿಸುವುದು ಅದೇ.

ಸರಿಪಡಿಸುವುದು ಸುಲಭ. ಎಚ್‌ಡಿಎಂಐ ಕೇಬಲ್ ಹಾಕಿ, ರಿಮೋಟಿನ 'ಸೋರ್ಸ್' ಒತ್ತಿ ಅದೇ ಎಚ್‌ಡಿಎಂಐ ಆರಿಸಿ. ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ 'ಸೆಕೆಂಡ್ ಸ್ಕ್ರೀನ್ ಓನ್ಲಿ' ಎಂದು ಕೊಡಿ. 'ಡೂಪ್ಲಿಕೇಟ್' ಇಟ್ಟರೆ ಲ್ಯಾಪ್‌ಟಾಪಿನ ಅಳತೆಯೇ ಟಿವಿಗೂ ಬರಬಹುದು. ನಂತರ 'ಡಿಸ್‌ಪ್ಲೇ ಸೆಟ್ಟಿಂಗ್ಸ್'ನಲ್ಲಿ 'ರೆಕಮೆಂಡೆಡ್' ಎಂದಿರುವ ರೆಸಲ್ಯೂಶನ್ ಆರಿಸಿ. ಫುಲ್ ಎಚ್‌ಡಿಗೆ ಅದು 1920×1080. 'ಎಚ್‌ಡಿ ರೆಡಿ' ಎಂದಿರುವ ಎಷ್ಟೋ ಟಿವಿಗಳ ಪರದೆ 1366×768. ಪಟ್ಟಿಯಲ್ಲಿ ಅದಿದ್ದರೆ ಅದನ್ನೇ ಆರಿಸಿ. ಅಕ್ಷರ ಸಣ್ಣದೆನಿಸಿದರೆ ರೆಸಲ್ಯೂಶನ್ ಇಳಿಸಬೇಡಿ, ಅಲ್ಲೇ ಇರುವ 'ಸ್ಕೇಲ್' ಅನ್ನು 150%ಕ್ಕೆ ಏರಿಸಿ. ಪುಟದ ಅಂಚು ಕತ್ತರಿಸಿದಂತಿದ್ದರೆ ಟಿವಿಯ ಪಿಕ್ಚರ್ ಸೈಜ್‌ನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಹುಡುಕಿ.

ಶಾಲೆಯಲ್ಲೂ ಟಿವಿಯಲ್ಲಿ ಪಾಠ ನಡೆಯುತ್ತಿದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ನೋಡಿ. 'ಕತ್ತೆ', 'ಧನ' ಎಂದು ಬರೆಸಿ ಓದಿ. ನಿಮಗೇ ಒತ್ತು ಕಾಣದಿದ್ದರೆ ಮೇಷ್ಟ್ರಿಗೆ ಹೇಳಿ, ಸಂಕೋಚ ಬೇಡ.

ಗಡಿಯಲ್ಲಿ ಮಕ್ಕಳನ್ನು ಕನ್ನಡ ಶಾಲೆ ಬಿಡಿಸಲು ಕಾರಣಗಳಿಗೆ ಬರವಿಲ್ಲ. ಒಂದು ತಪ್ಪು ಸೆಟ್ಟಿಂಗ್ ಆ ಪಟ್ಟಿಗೆ ಸೇರದಿರಲಿ.